ಮೂರನೇ ಸಲಕ್ಕೆ ಗಿಂಡಿ ಖಾಲಿಯಾಯಿತು: ನನ್ನ ರಾಮೇಶ್ವರದ ಅನುಭವ

ನಮ್ಮ ಮನೆಯ ದೇವರ ಗೂಡಿನಲ್ಲಿ 11 ವರ್ಷ ಒಂದು ತಾಮ್ರದ ಗಿಂಡಿ ಕೂತಿತ್ತು. 2014ರಲ್ಲಿ ಅಪ್ಪ, ಅಮ್ಮ ಕಾಶಿಗೆ ಹೋದಾಗ ತಂದ ಗಂಗೆ. ಬಾಯಿಗೆ ಬೆಸುಗೆ ಹಾಕಿದ, ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ಗಿಂಡಿ. ಆ ಗಂಗೆಯಿಂದ ರಾಮೇಶ್ವರದಲ್ಲಿ ಅಭಿಷೇಕ ಮಾಡಿಸಿದರೇ ಕಾಶಿಯಾತ್ರೆ ಮುಗಿದ ಲೆಕ್ಕ ಅನ್ನುವುದು ನಿಮಗೂ ಗೊತ್ತು. ಅಪ್ಪ ಅಷ್ಟರೊಳಗೆ ಹೋಗಿಬಿಟ್ಟರು. ಗಿಂಡಿ ನನ್ನ ಪಾಲಿಗೆ ಬಂತು.

ಅದು ರಾಮೇಶ್ವರಕ್ಕೆ ಎರಡು ಸಲ ಹೋಯಿತು. ಎರಡು ಸಲವೂ ತುಂಬಿಕೊಂಡೇ ವಾಪಸ್ ಬಂತು. ಒಂದು ಮದುವೆ ಮನೆಯಲ್ಲಿ ಚಿಕ್ಕಪ್ಪ ಎಲ್ಲರೆದುರು, "ಇವರ ಮನೆ ಗಿಂಡಿಗೆ ಊರು ಸುತ್ತೋ ಚಟ" ಅಂದುಬಿಟ್ಟರು. ಹಾಗಾಗಿ ಮೂರನೇ ಸಲ ಹೊರಡುತ್ತೇನೆ, ಎರಡೇ ಹಗಲಿನಲ್ಲಿ ಧನುಷ್ಕೋಟಿ, ದೇವಸ್ಥಾನದೊಳಗಿನ 22 ತೀರ್ಥದ ಬಾವಿಗಳ ಸ್ನಾನ, ಗಂಗಾಭಿಷೇಕ ಎಲ್ಲ ಮುಗಿಸಿ ಬರುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ಅಮ್ಮನಿಗೆ 76 ವರ್ಷ. ಎಡ ಮಂಡಿಗೆ ಆಪರೇಷನ್ ಆಗಿದೆ, ಬಲ ಮಂಡಿ ಸರದಿಯಲ್ಲಿದೆ. "ಟೂರಿನವರ ಜೊತೆ ಕಳಿಸು, ಇಲ್ಲದಿದ್ದರೆ ಸುಮ್ನಿರು" ಅಂದಳು ಅಕ್ಕ. ಆಮೇಲೆ ಅವಳೇ, ನಾನು ಎಲ್ಲಿ ಎಡವುತ್ತೇನೋ ನೋಡಲು ಅಂತ, ಜೊತೆಗೆ ಬಂದಳು. 2025ರ ಆಗಸ್ಟ್‌ನಲ್ಲಿ ಆಯಿತು. ನಾನು ಹೇಳಿದ ಹಾಗೆಯೇ ಆಯಿತು.

ಮೊದಲು ಸೋತ ಕತೆ ಹೇಳುತ್ತೇನೆ. ದುಡ್ಡು ಹೋದದ್ದೂ ಅಲ್ಲೇ, ಬುದ್ಧಿ ಬಂದದ್ದೂ ಅಲ್ಲೇ.

ಮೊದಲ ಸಲ 2019. ಬಸ್ ಪ್ಯಾಕೇಜ್. ತಲೆಗೆ 8,500 ರೂಪಾಯಿ, ಆರು ದಿನ, ಎಷ್ಟೋ ದೇವಸ್ಥಾನ. ಪಟ್ಟಿ ನೋಡಿ ಖುಷಿಪಟ್ಟಿದ್ದೆ. ಪಟ್ಟಿ ಉದ್ದವಾದಷ್ಟೂ ಒಂದೊಂದು ಊರಿಗೆ ಸಿಗುವ ಹೊತ್ತು ಕಡಿಮೆ ಅಂತ ಆಗ ಹೊಳೆಯಲಿಲ್ಲ. ಬಸ್ಸು ರಾಮೇಶ್ವರ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ. ದೇವಸ್ಥಾನ ಒಂದು ಗಂಟೆಗೆ ಬಾಗಿಲು ಹಾಕುತ್ತದೆ, ಮತ್ತೆ ತೆರೆಯುವುದು ಮೂರಕ್ಕೆ. ನಾಲ್ಕಕ್ಕೆ ಬಸ್ಸು ಕನ್ಯಾಕುಮಾರಿಗೆ ಹೊರಡಬೇಕು. ಸಮುದ್ರದಲ್ಲಿ ಮುಳುಗಿ, ಬಟ್ಟೆ ಬದಲಿಸಿ, ಮೂರಕ್ಕೆ ಸಾಲಿನಲ್ಲಿ ನಿಂತು, ದೂರದಿಂದ ಕೈ ಮುಗಿದು ಓಡಿ ಬಂದೆವು. ಗಿಂಡಿಯನ್ನು ಚೀಲದಿಂದ ಹೊರಗೆ ತೆಗೆಯಲೂ ಇಲ್ಲ. ಕನ್ಯಾಕುಮಾರಿಯವರೆಗೂ ಅಮ್ಮ ಒಂದು ಮಾತಾಡಲಿಲ್ಲ.

ಎರಡನೇ ಸಲ 2023ರ ಜನವರಿ. ಟೂರೂ ಬೇಡ, ಯಾರೂ ಬೇಡ, ನಾನೇ ಕರೆದುಕೊಂಡು ಹೋಗುತ್ತೇನೆ ಅಂತ ಜಂಬದಿಂದ ಹೊರಟೆ. ಶನಿವಾರ ಭಾನುವಾರ ರಜೆ ನೋಡಿದೆ, ಪಂಚಾಂಗ ನೋಡಲಿಲ್ಲ. ಆ ಶನಿವಾರ 21ನೇ ತಾರೀಕು, ನಮ್ಮ ಅವರಾತ್ರಿ ಅಮಾವಾಸ್ಯೆ. ತಮಿಳರಿಗೆ ಅದು ತೈ ಅಮಾವಾಸ್ಯೆ. ಪಿತೃಗಳಿಗೆ ತರ್ಪಣ ಕೊಡಲು ಇಡೀ ತಮಿಳುನಾಡೇ ದೇವಸ್ಥಾನದ ಎದುರಿನ ಸಮುದ್ರ, ಅಗ್ನಿತೀರ್ಥದ ದಡಕ್ಕೆ ಬರುವ ದಿನ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಕಪ್ಪು ಚುಕ್ಕೆ ಇತ್ತು. ಹಾಲಿನ ಲೆಕ್ಕ ಬರೆಯಲು ಅದನ್ನು ದಿನಾ ನೋಡುತ್ತಿದ್ದೆ!

ಎರಡನೇ ತಪ್ಪು ರೈಲಿನದು. ರಾಮೇಶ್ವರ ದ್ವೀಪಕ್ಕೆ ಸಮುದ್ರ ದಾಟಿಸುವ ಹಳೇ ಪಾಂಬನ್ ಸೇತುವೆಯ ಮೇಲೆ 2022ರ ಡಿಸೆಂಬರ್‌ನಲ್ಲೇ ರೈಲು ನಿಲ್ಲಿಸಿದ್ದರು. ನನಗೆ ಗೊತ್ತಾದದ್ದು ಸೇತುವೆಯ ಈಚೆ ಬದಿಯ ಮಂಡಪಂನಲ್ಲಿ ಎಲ್ಲರೂ ಚೀಲ ಎತ್ತಿಕೊಂಡು ಇಳಿದಾಗ. ಅಲ್ಲಿಂದ ಆಟೋ ಅಂದರೆ ಹೇಳಿದ್ದೇ ರೇಟು. ಮೂರನೇ ತಪ್ಪು ಮೊಬೈಲ್. ದೇವಸ್ಥಾನದೊಳಗೆ ಬಿಡಲ್ಲ. ಒದ್ದೆ ಬಟ್ಟೆಯಲ್ಲಿ, ಜೇಬಿನಲ್ಲಿ ಫೋನ್ ಇಟ್ಟುಕೊಂಡು ಬಾಗಿಲವರೆಗೆ ಹೋಗಿ ವಾಪಸ್ ಬಂದವನು ನಾನು.

ಅವತ್ತು ಅಮ್ಮ ಒದ್ದೆ ಕಾಟನ್ ಸೀರೆಯಲ್ಲಿ ಹತ್ತಿರ ಹತ್ತಿರ ಮೂರು ಗಂಟೆ ನಿಂತಿದ್ದರು. ಆರನೇ ಬಾವಿಗೆ ಬರುವಷ್ಟರಲ್ಲಿ ತುಟಿ ನೀಲಿ. ಹೊರಗೆ ಕರೆದುಕೊಂಡು ಬಂದೆ. ರಾತ್ರಿ ಜ್ವರ, ಬೆಳಗ್ಗೆ ಡಾಕ್ಟರು, ಮಧುರೆಗೆ ಟ್ಯಾಕ್ಸಿ. ಒಟ್ಟು 19,000 ಖರ್ಚು, ಗಿಂಡಿ ಹಾಗೇ. ಊರಿಗೆ ಬಂದ ಮೇಲೆ ಚಿಕ್ಕಪ್ಪನ ಲೆಕ್ಕ: "ಆರು ತೀರ್ಥ ಜಮೆ, ಹದಿನಾರು ಬಾಕಿ."

ಆಮೇಲೆ ತುಂಬ ದಿನ ಯೋಚನೆ ಮಾಡಿದೆ. ಮೊದಲು ಅಂದುಕೊಂಡದ್ದು ಅಮ್ಮನ ಮಂಡಿಯೇ ಸಮಸ್ಯೆ ಅಂತ. ಅಲ್ಲ. ಅವರು ಮನೆಯಲ್ಲಿ ದಿನಕ್ಕೆ ಅದಕ್ಕಿಂತ ಜಾಸ್ತಿ ಓಡಾಡುತ್ತಾರೆ. ಸಮಸ್ಯೆ ಒದ್ದೆ. ಒದ್ದೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದೇ ಇಡೀ ರಾಮೇಶ್ವರ ಯಾತ್ರೆಯ ಲೆಕ್ಕ. ಒದ್ದೆಯಲ್ಲಿ ಒಂದೂವರೆ ಗಂಟೆಗಿಂತ ಜಾಸ್ತಿ ಇರಬಾರದು ಅಂತ ಒಂದು ಗೆರೆ ಹಾಕಿಕೊಂಡೆ. ರೈಲು, ರೂಮು, ದಿನ, ಬಟ್ಟೆ, ಎಲ್ಲವನ್ನೂ ಆ ಗೆರೆಯಿಂದ ಹಿಂದಕ್ಕೆ ಲೆಕ್ಕ ಹಾಕಿದೆ.

ಬಟ್ಟೆಯಿಂದ ಶುರು ಮಾಡಿದೆ. ನಗಬೇಡಿ, ಮನೆಯ ಮಹಡಿಯ ಮೇಲೆ ಪ್ರಯೋಗವೇ ಮಾಡಿದೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಇತ್ತು. ಅಮ್ಮನ ಒಂದು ಕಾಟನ್ ಸೀರೆ, ಒಂದು ಸಿಂಥೆಟಿಕ್ ಸೀರೆ, ನನ್ನ ಒಂದು ಪಂಚೆ, ಮೂರನ್ನೂ ಬಕೆಟ್‌ನಲ್ಲಿ ಅದ್ದಿ, ಹಿಂಡದೆ ತೂಗಿದೆ. ನೆನಪಿರುವ ಹಾಗೆ ಕಾಟನ್ ಸೀರೆ ಒಂದೂವರೆ ಕೇಜಿ ದಾಟಿತು. ಸಿಂಥೆಟಿಕ್ ಒಂದು ಕೇಜಿಗೂ ಬರಲಿಲ್ಲ, ಐದು ನಿಮಿಷದಲ್ಲಿ ತೊಟ್ಟಿಕ್ಕುವುದೂ ನಿಂತಿತು. ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ, "ಏನ್ ಸಾರ್, ಬಟ್ಟೆ ಅಂಗಡಿನಾ?" ಅಂದರು. ಸ್ನಾನಕ್ಕೆ ಕಾಟನ್ನೇ ಶ್ರೇಷ್ಠ ಅಂತ ಅಮ್ಮನ ವಾದ. ಗಂಗೆ ಗಿಂಡಿ ತೋರಿಸಿ, "ಇದು ಮೂರನೇ ಸಲವೂ ವಾಪಸ್ ಬರಬೇಕಾ?" ಅಂದೆ. ಒಪ್ಪಿದರು. ಬಾವಿಗಳಿಗೆ ಸಿಂಥೆಟಿಕ್, ದರ್ಶನಕ್ಕೆ ಹೊಸ ಕಾಟನ್. ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ಕಡೆ ಬಿಡುವುದಿಲ್ಲವಾದ್ದರಿಂದ ಹೇಗೂ ಎರಡು ಜೊತೆ ಬೇಕೇ ಬೇಕು.

ಇನ್ನೊಂದು ಪ್ರಯೋಗದಲ್ಲಿ 300 ರೂಪಾಯಿ ಮಣ್ಣುಪಾಲು. ಪ್ರಾಕಾರದ ಕಲ್ಲು ನೆಲ ಸದಾ ನೀರು. ಚಪ್ಪಲಿ ಹಾಕುವ ಹಾಗಿಲ್ಲ. ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವ ಕಾಲುಚೀಲ ತರಿಸಿದೆ. ಬಚ್ಚಲಿಗೆ ಸೋಪು ನೀರು ಹಾಕಿ ನಾನೇ ನಡೆದು ನೋಡಿದೆ, ಚೆನ್ನಾಗಿ ಹಿಡಿಯುತ್ತಿತ್ತು. ಅಮ್ಮ ಒಂದೇ ಮಾತು ಅಂದರು: "ಕಾಲುಚೀಲ ಹಾಕ್ಕೊಂಡು ತೀರ್ಥಸ್ನಾನ ಮಾಡ್ತಾರೇನೋ?" ಅದು ಈಗ ನನ್ನ ಮಗಳ ಡ್ಯಾನ್ಸಿಗೆ ಆಗಿದೆ. ಬದಲಿಗೆ ತುದಿಯಲ್ಲಿ ರಬ್ಬರ್ ಇರುವ ಮಡಚುವ ಕೋಲು ತೆಗೆದುಕೊಂಡೆವು. ಹಳೇ ರಬ್ಬರ್ ಸವೆದಿದ್ದರೆ ಹೊರಡುವ ಮುಂಚೆ ಹೊಸದು ಹಾಕಿಸಿ. 20 ರೂಪಾಯಿಯದು, ಕೆಲಸ ದೊಡ್ಡದು.

ಗಿಂಡಿಯನ್ನೂ ಪರೀಕ್ಷೆ ಮಾಡಿದೆ. ಹನ್ನೊಂದು ವರ್ಷದಲ್ಲಿ ನೀರು ಆರಿಹೋಗಿದ್ದರೆ? ಅಮ್ಮನಿಗೆ ಒಳಗೊಳಗೇ ಆ ಭಯ. ಬೆಸುಗೆ ಬಿಚ್ಚಿ ನೋಡಲು ಬಿಡುವುದಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿದೆ, ಗುಳುಗುಳು ಅಂತು. ಆಮೇಲೆ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಂಡೆ, ಎರಡು ತಿಂಗಳು ಬಿಟ್ಟು ಮತ್ತೆ ತೂಗಿದೆ. ಮುಳ್ಳು ಅಲ್ಲಾಡಲಿಲ್ಲ. ಬೆಸುಗೆ ಗಟ್ಟಿ ಅಂತ ಸಮಾಧಾನ. ಅಂದ ಹಾಗೆ ಗಂಗೆಯನ್ನು ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಒಯ್ಯುವುದೇ ಕ್ಷೇಮ. ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದವರೊಬ್ಬರು ಕೌಂಟರಿನ ಎದುರು ಪೇಚಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ.

ದಿನ ಆರಿಸುವುದರಲ್ಲಿ ನನಗೆ ಸ್ವಲ್ಪ ಹೆಮ್ಮೆ ಇದೆ. ಆಷಾಢದ ಅಮಾವಾಸ್ಯೆ ಬೇಡ, ಪುಷ್ಯದ್ದು ಬೇಡ, ಮಹಾಲಯ ಅಮಾವಾಸ್ಯೆ ಬೇಡವೇ ಬೇಡ. ಅಯ್ಯಪ್ಪನ ಮಾಲೆಯವರು ಬರುವ ಡಿಸೆಂಬರ್, ಜನವರಿಯೂ ಬೇಡ. ಸ್ವಾತಂತ್ರ್ಯ ದಿನ ಶುಕ್ರವಾರ ಬಂದಿತ್ತು. ಮೂರು ದಿನದ ರಜೆ. ಎಲ್ಲರೂ ಆ ರಜೆಯಲ್ಲಿ ಹೋಗುತ್ತಾರೆ. ನಾವು ರಜೆ ಮುಗಿಯುವ ಭಾನುವಾರ, 17ರ ಸಂಜೆ, ಮಂಡ್ಯದಲ್ಲಿ ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಹತ್ತಿದೆವು. ಜನವೆಲ್ಲ ಬೆಂಗಳೂರಿಗೆ ವಾಪಸ್ ಬರುತ್ತಿದ್ದಾರೆ, ನಾವು ಎದುರು ದಿಕ್ಕಿಗೆ. ಮೂರು ವಾರ ಮುಂಚೆ ಬುಕ್ ಮಾಡಿದರೂ ಥರ್ಡ್ ಎಸಿಯಲ್ಲಿ ಅಮ್ಮನಿಗೆ ಕೆಳಗಿನ ಬರ್ತ್ ಸಿಕ್ಕಿತು. ಹಿರಿಯರ ರಿಯಾಯಿತಿ 2020ರಿಂದ ಇಲ್ಲ, ಹಾಗಾಗಿ ಎಲ್ಲರಿಗೂ ಪೂರ್ತಿ ಟಿಕೆಟ್. ಮೂವರಿಗೆ ಹೋಗಿ ಬರಲು ಐದು ಸಾವಿರದ ಮೇಲೆ ಸ್ವಲ್ಪ.

ಸೋಮವಾರ ಬೆಳಗ್ಗೆ ಏಳರ ಆಸುಪಾಸು ಮಧುರೆ. ರಾಮೇಶ್ವರದ ಬೆಳಗಿನ ಪ್ಯಾಸೆಂಜರ್ ಅಷ್ಟರೊಳಗೆ ಹೋಗಿರುತ್ತದೆ. ಮುಂದಿನದು ಹಿಡಿದರೆ ಅರ್ಧ ದಿನ ಹೋಯಿತು. ಬಸ್ಸಿದೆ, ಆದರೆ ನಾಲ್ಕು ಗಂಟೆ ಕೂತರೆ ಅಮ್ಮನ ಮಂಡಿ ಮಡಚಿದ್ದು ಬಿಡಿಸಲು ಬರುವುದಿಲ್ಲ. ಇಲ್ಲಿ ಮಾತ್ರ ಜಿಪುಣತನ ಬಿಟ್ಟು ಟ್ಯಾಕ್ಸಿ ಮಾಡಿದೆ, ಸುಮಾರು 4,000. ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಹೋದೆವು. ರೈಲು ಟಿಕೆಟ್ ಬಿಟ್ಟರೆ ಇಡೀ ಯಾತ್ರೆಯಲ್ಲಿ ಅತಿ ದುಬಾರಿ ಬಾಬತ್ತು ಅದೇ, ಅತಿ ಸರಿಯಾದ ಖರ್ಚೂ ಅದೇ.

ರೂಮಿನ ವಿಷಯ. ಲಾಡ್ಜ್ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ನನಗೇ ಸಿಗಲ್ಲ. ಆರಿಸಿದ ರೀತಿ ಹೇಳುತ್ತೇನೆ. ಎಲ್ಲರೂ ಸಮುದ್ರ ಕಾಣುವ ರೂಮು ಹುಡುಕುತ್ತಾರೆ. ನಾನು 22ನೇ ಬಾವಿ ಮುಗಿಸಿ ಹೊರಗೆ ಬಂದವನು ಎಷ್ಟು ಹೆಜ್ಜೆಯಲ್ಲಿ ಒಣಗಿದ ಟವೆಲ್ ಮುಟ್ಟುತ್ತಾನೆ ಅಂತ ನೋಡಿದೆ. ಅಮ್ಮನ ನಡಿಗೆಯಲ್ಲಿ ಐದು ನಿಮಿಷ. ನೆಲಮಹಡಿ. ಬೆಳಗಿನ ಮೂರೂವರೆಗೆ ಬಿಸಿನೀರು ಬರುತ್ತದಾ ಅಂತ ಎರಡು ಸಲ ಫೋನ್ ಮಾಡಿ ಕೇಳಿದ್ದೆ. ಬಾಡಿಗೆ 2,200. ಸ್ನಾನ ಮಾಡಿದವರಿಗೆ ಬಟ್ಟೆ ಬದಲಿಸಲು ಅಲ್ಲೇ ಜಾಗ ಇದೆ ನಿಜ. ಆದರೆ ಆ ನೂಕುನುಗ್ಗಲಿನಲ್ಲಿ ಅಮ್ಮ ಸೀರೆ ಉಡುವುದು ಆಗದ ಮಾತು.

ಮಧ್ಯಾಹ್ನ ಮಲಗಿ, ಮೂರಕ್ಕೆ ಆಟೋದಲ್ಲಿ ಧನುಷ್ಕೋಟಿಗೆ. ಸಂಜೆಯಾದರೆ ಆ ದಾರಿಯಲ್ಲಿ ಬಿಡುವುದಿಲ್ಲ, ಬೇಗ ಹೋಗಬೇಕು. ಇದನ್ನು ಬೇಕಂತಲೇ ಮೊದಲ ದಿನಕ್ಕೆ ಹಾಕಿದೆ. ಮರುದಿನ ಅಮ್ಮನಿಗೆ ಶಕ್ತಿ ಉಳಿಯುತ್ತದೆ ಅನ್ನುವ ಭರವಸೆ ನನಗೇ ಇರಲಿಲ್ಲ. ದ್ವೀಪದ ತುದಿ ಅರಿಚಲ್ ಮುನೈವರೆಗೆ ಈಗ ಒಳ್ಳೆಯ ಟಾರು ರಸ್ತೆ, 2017ರಲ್ಲಿ ಆದದ್ದು. ಆಗಸ್ಟ್ ಗಾಳಿ ಬಗ್ಗೆ ಯಾರೂ ಹೇಳಿರಲಿಲ್ಲ. ಮರಳು ಮುಖಕ್ಕೆ ಸೂಜಿಯ ಹಾಗೆ ಹೊಡೆಯುತ್ತದೆ. ಅಮ್ಮ ಸೆರಗು ತಲೆಗೆ ಸುತ್ತಿ ಆಟೋದಲ್ಲೇ ಕೂತರು. ಒಂದು ಕಡೆ ಸಮುದ್ರ ಕೆರೆಯ ಹಾಗೆ ತೆಪ್ಪಗಿದೆ, ಇನ್ನೊಂದು ಕಡೆ ಗುಟುರು ಹಾಕುತ್ತಿದೆ. ಅಲ್ಲಿಯವರು ತೆಪ್ಪಗಿರುವುದಕ್ಕೆ ಹೆಣ್ಣು ಕಡಲು ಅನ್ನುತ್ತಾರೆ, ಇನ್ನೊಂದಕ್ಕೆ ಗಂಡು ಕಡಲು. "ನಮ್ಮನೇಲಿ ಉಲ್ಟಾ" ಅಂದಳು ಅಕ್ಕ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತಕ್ಕೆ ಊರು ಕೊಚ್ಚಿಹೋಯಿತು, ಪ್ಯಾಸೆಂಜರ್ ರೈಲೊಂದು ಜನರ ಸಮೇತ ಸಮುದ್ರದ ಪಾಲಾಯಿತು. ಚರ್ಚಿನ ಗೋಡೆ, ರೈಲ್ವೆ ಸ್ಟೇಷನ್ನಿನ ಅವಶೇಷ ಈಗಲೂ ಇವೆ. ಅಮ್ಮನಿಗೆ ಆಗ 15 ವರ್ಷ, ರೇಡಿಯೋದಲ್ಲಿ ಕೇಳಿದ್ದರಂತೆ. ಫೋಟೋ ತೆಗೆಯುತ್ತಿದ್ದ ನನ್ನನ್ನು, "ಸಾಕು ಬಾರೋ, ಹೋದವರ ಮನೆ ಅದು" ಅಂತ ಕರೆದರು. ವಾಪಸ್ ಬರುವಾಗ ಕೋದಂಡರಾಮ ದೇವಸ್ಥಾನ. ವಿಭೀಷಣ ರಾಮನಿಗೆ ಶರಣಾದ ಜಾಗ, ಆ ಚಂಡಮಾರುತದಲ್ಲೂ ಉಳಿದ ಗುಡಿ. ಅಲ್ಲಿ ಮಾತ್ರ ಅಮ್ಮ ಇಳಿದರು. ಆಟೋಗೆ ಅವತ್ತು ಸಾವಿರದೊಳಗೆ ಮುಗಿಯಿತು.

ರಾತ್ರಿ ಏಳೂವರೆಗೆ ಮೊಸರನ್ನ, ಎಂಟಕ್ಕೆ ನಿದ್ದೆ. ಮನೆಯಿಂದ ತಂದ ಚಪಾತಿ, ಚಟ್ನಿಪುಡಿ ನನಗೂ ಅಕ್ಕನಿಗೂ. ಮೂರೂ ಫೋನು ರೂಮಿನ ಬೀರುವಿನಲ್ಲಿ.

ಮಂಗಳವಾರ. ಮೂರೂವರೆಗೆ ಎದ್ದು, ಬಿಸಿನೀರಿನ ಸ್ನಾನ, ನಾಲ್ಕೂವರೆಗೆ ಬಾಗಿಲಲ್ಲಿ. ಸ್ಫಟಿಕ ಲಿಂಗದ ದರ್ಶನ ಬೆಳಗ್ಗೆ ಐದರಿಂದ ಆರರವರೆಗೆ ಮಾತ್ರ. ನಮ್ಮ ಮುಂದೆ 60–70 ಜನ ಇದ್ದಿರಬಹುದು. 2023ರಲ್ಲಿ ಈ ಹೊತ್ತಿಗೆ ಸಾಲಿನ ಬಾಲವೇ ಕಂಡಿರಲಿಲ್ಲ. ಐದೂವರೆಗೆ ಹೊರಗೆ. ಈ ದರ್ಶನ ಒಣಬಟ್ಟೆಯಲ್ಲಿ, ಸ್ನಾನಕ್ಕೆ ಮುಂಚೆ. ಮೊದಲು ಸಮುದ್ರ, ಆಮೇಲೆ ಬಾವಿ, ಆಮೇಲೆ ಎಲ್ಲ ದರ್ಶನ ಅಂತ ಹೊರಟರೆ ಸ್ಫಟಿಕ ಲಿಂಗ ತಪ್ಪುತ್ತದೆ.

ರೂಮಿಗೆ ಬಂದು ಸಿಂಥೆಟಿಕ್ ಸೀರೆ ಉಟ್ಟು ಅಗ್ನಿತೀರ್ಥಕ್ಕೆ. ಆಗ ತಾನೇ ಸೂರ್ಯ ಏಳುತ್ತಿದ್ದ. ಸಮುದ್ರದಲ್ಲಿ ಅಲೆಯೇ ಇಲ್ಲ, ಮೊಣಕಾಲುದ್ದ ನೀರು. ಅಮ್ಮ ನನ್ನ ಕೈ ಹಿಡಿದು ಮೂರು ಮುಳುಗು ಹಾಕಿದರು. ಇಲ್ಲಿಂದ ನನ್ನ ಗಡಿಯಾರ ಶುರು. ಆರು ಗಂಟೆ ಐದು ನಿಮಿಷ. ಅಮ್ಮ ನೀರಿನಲ್ಲಿ ನಿಂತು ಅಪ್ಪನ ಹೆಸರು ಹೇಳಿ ಮೂರು ಬೊಗಸೆ ನೀರು ಬಿಟ್ಟರು. ಅಲ್ಲಿ ಅವಸರ ಮಾಡಲಿಲ್ಲ.

ಬಾವಿಗಳ ಟಿಕೆಟ್ ತಲೆಗೆ 25 ರೂಪಾಯಿ. ಆದರೆ ಬಕೆಟ್ ಹಿಡಿದು ಬಾವಿಕಟ್ಟೆಯ ಮೇಲೆ ನಿಲ್ಲುವವರ ಜೊತೆ ಪ್ರತ್ಯೇಕ ಮಾತುಕತೆ ನಡೆಯುತ್ತದೆ ಅನ್ನುವುದು ಹೋದವರಿಗೆಲ್ಲ ಗೊತ್ತು. ಒಬ್ಬ ಹುಡುಗ ಮೂವರಿಗೆ 1,500 ಅಂದ. 600ಕ್ಕೆ ನಿಂತಿತು. ಎಲ್ಲಿ ನಿಂತು ಮಾತಾಡಿದರೆ ಇಷ್ಟಕ್ಕೆ ಇಳಿಯುತ್ತದೆ, ಯಾವಾಗ ದುಡ್ಡು ಕೊಡಬೇಕು ಅನ್ನುವುದು ನನ್ನಲ್ಲೇ ಇರಲಿ. ಒಂದು ಮಾತು ಮಾತ್ರ ಹೇಳುತ್ತೇನೆ: ಮುಂಗಡ ಪೂರ್ತಿ ಕೊಟ್ಟವನ ಪಾಲಿಗೆ ಹತ್ತನೇ ಬಾವಿಯ ನಂತರ ಬಕೆಟ್ ಅರ್ಧ ಮಾತ್ರ ತುಂಬುತ್ತದೆ. ನನ್ನ ಷರತ್ತು ಒಂದೇ ಇತ್ತು. "ಅಮ್ಮನ ತಲೆಗೆ ಸುರಿಯಬೇಡ, ಭುಜಕ್ಕೆ ಸುರಿ. ತಲೆಗೆ ಕೈಯಲ್ಲಿ ಚಿಮುಕಿಸು." 22 ಬಕೆಟ್ ನೀರು ಎತ್ತರದಿಂದ ನೆತ್ತಿಗೆ ಬಿದ್ದರೆ ವಯಸ್ಸಾದವರಿಗೆ ತಲೆಸುತ್ತು ಬರುತ್ತದೆ. ಹೋದ ಸಲ ಚಳಿಗಿಂತ ಮೊದಲು ಬಂದದ್ದು ಅದೇ.

ಹೋದ ಸಲದ ಆರು ಬಾವಿ ಜಮಾ ಇದೆಯಲ್ಲ, ಏಳರಿಂದ ಶುರು ಮಾಡೋಣವೇ ಅಂತ ತಮಾಷೆ ಮಾಡಿದೆ. ಅಮ್ಮ ನಗಲಿಲ್ಲ. ಒಂದರಿಂದಲೇ ಶುರು. ಮಹಾಲಕ್ಷ್ಮಿ, ಸಾವಿತ್ರಿ, ಗಾಯತ್ರಿ, ಸರಸ್ವತಿ. ಸೇತುಮಾಧವ ದೊಡ್ಡ ಕೊಳ. ಆಮೇಲೆ ಗಂಧಮಾದನ, ಗವಾಕ್ಷ, ಗವಯ, ನಳ, ನೀಲ, ಕಪಿಸೈನ್ಯದ ಬಾವಿಗಳು. ಅಮ್ಮ ಹಾಜರಿ ಕರೆಯುವ ಮೇಷ್ಟ್ರ ಹಾಗೆ ಒಂದೊಂದು ಹೆಸರು ಜೋರಾಗಿ ಹೇಳುತ್ತಾ ಹೋದರು. ಇವು ಹತ್ತಿರ ಹತ್ತಿರ ಇವೆ, ಹತ್ತು ನಿಮಿಷದಲ್ಲಿ ಆಗುತ್ತದೆ. ಆ ಉತ್ಸಾಹದಲ್ಲಿ ಜೋರಾಗಿ ನಡೆದರೆ ಜಾರುವುದೂ ಇಲ್ಲೇ. ನಾನು ಅಮ್ಮನ ಎಡಕ್ಕೆ, ಅಕ್ಕ ಹಿಂದೆ, ಬಲಗೈಲಿ ಕೋಲು. ಎರಡು ಕಡೆ ಜನ ನಿಂತಿದ್ದರು. ಅಲ್ಲಿ ಎಷ್ಟು ಹೊತ್ತು ಕಾಯಬೇಕು, ಎಲ್ಲಿ ಕಾಯದೆ ಮುಂದೆ ಹೋಗಿ ವಾಪಸ್ ಬರಬಹುದು ಅನ್ನುವ ಲೆಕ್ಕವನ್ನು ನಮ್ಮ ಹುಡುಗ ಹೇಳಿಕೊಟ್ಟ. ಅದು ಅವನ ಹೊಟ್ಟೆಪಾಡಿನ ವಿದ್ಯೆ, ನಾನು ಬಯಲು ಮಾಡುವುದು ಸರಿಯಲ್ಲ.

ನಡುವೆ ನನ್ನದೊಂದು ಖಯಾಲಿ. ಒಂದೊಂದು ಬಾವಿಯ ನೀರಿಗೂ ಒಂದೊಂದು ರುಚಿ ಅನ್ನುತ್ತಾರಲ್ಲ, ನೋಡೇ ಬಿಡೋಣ ಅಂತ ಪ್ರತಿ ಬಾವಿಯಲ್ಲೂ ಒಂದು ಹನಿ ನಾಲಿಗೆಗೆ ಹಚ್ಚಿದೆ. ಸಮುದ್ರ ಕಲ್ಲೆಸೆಯುವ ದೂರದಲ್ಲಿದೆ, ಆದರೂ ನೀರು ನಾನು ಅಂದುಕೊಂಡಷ್ಟು ಉಪ್ಪಲ್ಲ. ಮರಳಿನ ದ್ವೀಪದಲ್ಲಿ ಮಳೆನೀರು ಹಗುರವಾಗಿ ಉಪ್ಪುನೀರಿನ ಮೇಲೆ ಕೂರುತ್ತದೆ, ಆಳವಿಲ್ಲದ ಬಾವಿಗೆ ಅದೇ ಸಿಗುತ್ತದೆ. ರುಚಿ ಬೇರೆ ಬೇರೆಯೇ ಅಂದರೆ, ಮೊದಲ ಎಂಟರವರೆಗೆ ಹೌದು ಅನಿಸಿತು. ಆಮೇಲೆ ಹಿಂದಿನ ಬಕೆಟ್ಟಿನ ನೀರು, ಬೆವರು, ಸಮುದ್ರದ ಉಪ್ಪು ಎಲ್ಲ ತುಟಿಯ ಮೇಲೆ ಕಲಸಿ ನಾಲಿಗೆ ಕೆಲಸ ಬಿಟ್ಟಿತು. ಅಮ್ಮ ಮಾತ್ರ ಹದಿನೇಳನೆಯದು ಅತಿ ಸಿಹಿ ಅಂತ ಸಾಧಿಸಿದರು. ಅದು ಯಮುನಾ ತೀರ್ಥ. ಅಮ್ಮನ ತಂಗಿಯ ಹೆಸರೂ ಯಮುನಾ. ಹಾಗಾಗಿ ಆ ಸಾಕ್ಷಿಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಾಯುವಾಗ ಅಮ್ಮ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಹೊರ ಪ್ರಾಕಾರದಲ್ಲಿ 1,212 ಕಂಬ ಇವೆ, ಒರಗಲು ಬರ ಇಲ್ಲ. ಇಪ್ಪತ್ತನೆಯ ಬಾವಿಯ ಹತ್ತಿರ ಒಮ್ಮೆ ಮೈ ನಡುಗಿತು. ನನ್ನ ಎದೆ ಧಸಕ್ಕೆಂದಿತು. ಅಕ್ಕ ನನ್ನ ಕಡೆ ನೋಡಿದಳು, ನಾನು ಹೇಳಿರಲಿಲ್ವಾ ಅನ್ನುವ ನೋಟ. ಪಂಚೆಯ ಮಡಿಲಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟಿದ್ದ ಬೆಲ್ಲ, ಒಣಶುಂಠಿಯ ಉಂಡೆ ಕೊಟ್ಟೆ. ಬಾಯಿಗೆ ಹಾಕಿಕೊಂಡು ಅಮ್ಮ, "ನಡಿ ನಡಿ" ಅಂದರು. ಕೊನೆಯದು ಕೋಟಿ ತೀರ್ಥ. ಹುಡುಗ ಅಲ್ಲಿ ಮಾತ್ರ ಷರತ್ತು ಮರೆತು ನೆತ್ತಿಯ ಮೇಲೇ ಸುರಿದ. ಅಮ್ಮ ನಕ್ಕರು. ಅವನಿಗೆ 600ರ ಮೇಲೆ 100 ಕೊಟ್ಟೆ.

ರೂಮಿನ ಬಾಗಿಲು ತೆಗೆದಾಗ ಏಳೂವರೆ. ಒದ್ದೆಯಲ್ಲಿ ಒಂದು ಗಂಟೆ 25 ನಿಮಿಷ. ನನ್ನ ಗೆರೆಗೆ ಐದು ನಿಮಿಷ ಒಳಗೆ! ಇದನ್ನು ಚಿಕ್ಕಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. "ಅಭಿಷೇಕ ಆಯ್ತಾ?" ಅಂದರು. ಇಲ್ಲ ಅಂದೆ. "ಆದ ಮೇಲೆ ಮಾಡು" ಅಂತ ಇಟ್ಟರು.

ಬಿಸಿ ಕಾಫಿ ಕುಡಿದು ಎಂಟಕ್ಕೆ ಗಂಗಾಭಿಷೇಕದ ಟಿಕೆಟ್ ಮಾಡಿಸಿದೆ. ಗಿಂಡಿಯ ಬೆಸುಗೆ ಬಿಚ್ಚಲು ಏನೂ ತಂದಿರಲಿಲ್ಲ, ಅಷ್ಟೆಲ್ಲ ಲೆಕ್ಕ ಹಾಕಿದವನು ಇದನ್ನೇ ಮರೆತಿದ್ದೆ. ಸ್ಕ್ರೂಡ್ರೈವರ್ ಮಂಡ್ಯದಲ್ಲಿ ಟೇಬಲ್ಲಿನ ಮೇಲೆ. ಆದರೆ ದೇವಸ್ಥಾನದವರಿಗೆ ಇದು ದಿನದ ಕೆಲಸ. ಒಬ್ಬರು ಮೊಳೆ ಇಟ್ಟು ಕಲ್ಲಿನಿಂದ ಎರಡು ಏಟು ಹಾಕಿದರು. ತೂತಿನಿಂದ ನೀರು ಹನಿಯಿತು. ತಿಳಿಯಾಗಿತ್ತು. ಅಮ್ಮ ಮೂಸಿ ನೋಡಿದರು, ಏನೂ ವಾಸನೆ ಇಲ್ಲ.

ಇಲ್ಲಿಯ ಅರ್ಚಕರು ಮರಾಠಿ ಮೂಲದವರು, ಶೃಂಗೇರಿಯಿಂದ ದೀಕ್ಷೆ ಪಡೆದವರು. ಅಮ್ಮನಿಗೆ ಅದು ತಿಳಿದ ಮೇಲೆ ತವರಿನವರು ಸಿಕ್ಕ ಹಾಗಾಯಿತು. ಒಳಗೆ ಎರಡು ಲಿಂಗ. ಸೀತೆ ಮರಳಿನಲ್ಲಿ ಮಾಡಿದ ರಾಮಲಿಂಗ, ಹನುಮಂತ ತಡವಾಗಿ ತಂದ ವಿಶ್ವಲಿಂಗ. ತಡವಾಗಿ ಬಂದದ್ದಕ್ಕೇ ಮೊದಲ ಪೂಜೆ. ಎರಡು ಸಲ ತಡವಾದ ಗಿಂಡಿಗೂ ಅದೇ ಲೆಕ್ಕ ಇರಬೇಕು ಅಂದುಕೊಂಡೆ, ಜೋರಾಗಿ ಹೇಳಲಿಲ್ಲ. ಗಂಗೆ ಸುರಿದದ್ದು ಅರ್ಧ ನಿಮಿಷ ಇರಬಹುದು. 11 ವರ್ಷ ಕಾದದ್ದು ಅರ್ಧ ನಿಮಿಷ. ಅಮ್ಮ ಕಣ್ಣು ಮುಚ್ಚಲಿಲ್ಲ. ಕೊನೆಯ ಹನಿಯವರೆಗೂ ನೋಡುತ್ತಿದ್ದರು. ಖಾಲಿ ಗಿಂಡಿಯನ್ನು ಸೆರಗಿನಲ್ಲಿ ಒರೆಸಿ ವಾಪಸ್ ಇಟ್ಟುಕೊಂಡರು.

ಒಂಬತ್ತೂವರೆಗೆ ಇಡ್ಲಿ, ಪೊಂಗಲ್. ಮಧ್ಯಾಹ್ನದ ಪ್ಯಾಸೆಂಜರ್ ಹಿಡಿದೆವು, ಮಧುರೆಗೆ ತಲೆಗೆ 40 ರೂಪಾಯಿಯೂ ಇಲ್ಲ. ಹೋಗುವಾಗ ಟ್ಯಾಕ್ಸಿ, ಬರುವಾಗ ರೈಲು ಅಂತ ಯಾಕೆ ಮಾಡಿದೆ ಅಂದರೆ, ಹೋಗುವಾಗ ಗಡಿಬಿಡಿ, ಬರುವಾಗ ಏನಿದೆ? ಹೊಸ ಪಾಂಬನ್ ಸೇತುವೆ 2025ರ ಏಪ್ರಿಲ್ 6ರಂದು, ರಾಮನವಮಿಯ ದಿನ ಶುರುವಾದದ್ದು. ನಡುವಿನ ತುಂಡು ಲಿಫ್ಟಿನ ಹಾಗೆ ನೇರ ಮೇಲೇಳುತ್ತದೆ. ಪಕ್ಕದಲ್ಲೇ 1914ರ ಹಳೇ ಸೇತುವೆ ತುಕ್ಕು ಹಿಡಿದು ನಿಂತಿತ್ತು. ಕಿಟಕಿಯ ಕೆಳಗೆ ಬರೀ ನೀರು. ಅಮ್ಮ ಒಂದು ರೂಪಾಯಿಯ ನಾಣ್ಯ ಎಸೆದರು. ಅದು ಕಂಬಿಗೆ ತಗುಲಿ ಠಣ್ ಅಂತು, ನೀರಿಗೆ ಬಿತ್ತೋ ಇಲ್ಲವೋ ಅಂತ ಮಧುರೆಯವರೆಗೂ ಚರ್ಚೆ. ಸಂಜೆ ನಾಲ್ಕಕ್ಕೆ ಮೀನಾಕ್ಷಿ ಗುಡಿ ತೆರೆಯುತ್ತದೆ, ದರ್ಶನ ಮಾಡಿ ರಾತ್ರಿಯ ರೈಲು ಹಿಡಿಯಲು ಹೊತ್ತು ಸಾಕಾಯಿತು. ಬುಧವಾರ ಬೆಳಗ್ಗೆ ಮಂಡ್ಯ.

ಒಟ್ಟು ಖರ್ಚು ಮೂವರಿಗೆ 16,000 ಚಿಲ್ಲರೆ. ದೇವಸ್ಥಾನದ ಟಿಕೆಟ್‌ಗಳೆಲ್ಲ ಸೇರಿ ಒಂದು ಸಾವಿರದ ಮೇಲೆ, ಊಟ ತಿಂಡಿ 1,200. ಕಾಲುಚೀಲದ 300 ಇದರಲ್ಲಿ ಸೇರಿಸಿಲ್ಲ. 2019ರ ಪ್ಯಾಕೇಜಿಗೆ ನಾವಿಬ್ಬರೇ 17,000 ಕೊಟ್ಟಿದ್ದೆವು.

ಚಿಕ್ಕಪ್ಪ ಮನೆಗೆ ಬಂದು ಗಿಂಡಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಸದ್ದಿಲ್ಲ. ನಾನು ಕಾಲು ಮೇಲೆ ಕಾಲು ಹಾಕಿ ಕೂತಿದ್ದೆ. ಅಷ್ಟರಲ್ಲಿ ಅಮ್ಮ ಒಳಗಿನಿಂದ ಒಂದು ಹಾರ್ಲಿಕ್ಸ್ ಬಾಟಲಿ ತಂದು ಟೀಪಾಯಿ ಮೇಲಿಟ್ಟರು. ಅರ್ಧ ಮರಳು. ಧನುಷ್ಕೋಟಿಯಲ್ಲಿ ನಾನು ಫೋಟೋ ತೆಗೆಯುತ್ತಿದ್ದಾಗ ಆಟೋದವನ ಕೈಲಿ ತುಂಬಿಸಿಕೊಂಡಿದ್ದರಂತೆ. ರಾಮಸೇತುವಿನ ಮರಳನ್ನು ಪ್ರಯಾಗದಲ್ಲಿ ಗಂಗೆಗೆ ಬಿಡಬೇಕು, ಗೊತ್ತಲ್ವಾ? ಬಾಟಲಿ ಈಗ ದೇವರ ಗೂಡಿನಲ್ಲಿದೆ, ಗಿಂಡಿ ಇದ್ದ ಜಾಗದಲ್ಲೇ. ಚಿಕ್ಕಪ್ಪ ಮುಚ್ಚಳ ತೆಗೆದು ನೋಡಿ, "ಇದು ಎಷ್ಟು ಸಲ ಹೋಗಿ ಬರುತ್ತೆ?" ಅಂತ ಕೇಳಿದರು.